ಮುಗಿಲ ಮೇಲಣ ಹಾರಾಟ

ಮಾಗಿಯ ಮುಂಜಾವಿನಲ್ಲಿ ನಂದಿಬೆಟ್ಟದ ನೆತ್ತಿಯ ಮೇಲೆ ನಿಂತವರಿಗೆ ಕೆಲವೊಮ್ಮೆ ಒಂದು ಅಪೂರ್ವವಾದ ನೋಟ ದೊರೆಯುವುದುಂಟು. ಕೆಳಗಿನ ಊರು, ಕೆರೆ, ತೋಟಗಳೆಲ್ಲ ಮಾಯವಾಗಿ, ಕಣ್ಣು ಹಾಯುವವರೆಗೂ ಹಾಲ್ಗಡಲಿನಂತೆ ಬಿಳಿಯ ಮೋಡ ಹಬ್ಬಿರುತ್ತದೆ. ಆ ಕಡಲಿನ ಅಂಚಿನಿಂದ ಸೂರ್ಯನು ಮೇಲೇಳುತ್ತಾನೆ. ಕೆಳಗಿನ ಊರಿನವನಿಗೆ ಅಂದು ಮಂಕು ಕವಿದ ಬೆಳಗು. ಬೆಟ್ಟದ ಮೇಲಿನವನಿಗೆ ನಿರ್ಮಲವಾದ ಬೆಳಗು. ಇಬ್ಬರ ನಡುವೆ ಇರುವುದು ಕೆಲವೇ ನೂರು ಮೀಟರುಗಳ ಅಂತರ.

ಈ ಬೆಟ್ಟವನ್ನೇ ನಾವು ಬೇಕೆಂದ ಎಡೆಗೆ ಕೊಂಡೊಯ್ಯುವಂತಿದ್ದರೆ ಹೇಗಿದ್ದೀತು? ಸಣ್ಣ ವಿಮಾನವನ್ನು ನಡೆಸುವ ವೈಮಾನಿಕನಿಗೆ ದೊರೆತಿರುವುದು ಅಂತಹ ವರವೇ. ದೊಡ್ಡ ವಿಮಾನದ ಪ್ರಯಾಣಿಕನು ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಕುಳಿತು, ಮೋಡಗಳನ್ನು ಭೂಪಟದ ಮೇಲಿನ ಚಿತ್ರದಂತೆ ಕಾಣುತ್ತಾನೆ. ಸಣ್ಣ ವಿಮಾನವಾದರೋ ಮೋಡದ ಮೈಯನ್ನು ಸವರಿಕೊಂಡೇ ಸಾಗುತ್ತದೆ. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ತಯಾರಾಗಿ ೧೯೫೮ರಲ್ಲಿ ಮೊದಲು ಹಾರಿದ ‘ಪುಷ್ಪಕ’ವು ಈ ಜಾತಿಗೆ ಸೇರಿದುದು. ಇಬ್ಬರಿಗೆ ಮಾತ್ರ ಆಸನ, ೯೦ ಅಶ್ವಶಕ್ತಿಯ ಇಂಜಿನು, ತಲೆಯ ಮೇಲೆ ಚಾಚಿದ ರೆಕ್ಕೆ, ಬಟ್ಟೆ ಹೊದಿಸಿದ ಮೈ. ನಮ್ಮ ದೇಶದ ಹಾರಾಟದ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿ ತರುಣರು ಮೊದಲು ಆಕಾಶವನ್ನು ಕಂಡದ್ದು ಇದರ ಕಿಟಕಿಯಿಂದಲೇ.

ಬಿಸಿಲೇರಿದ ಹೊತ್ತಿನಲ್ಲಿ ಇಂತಹ ವಿಮಾನವು ಮೋಡಗಳ ಕೆಳಗೆ ಹಾರುವಾಗ, ಹಳ್ಳದಿಣ್ಣೆಯ ದಾರಿಯಲ್ಲಿ ಎತ್ತಿನ ಗಾಡಿ ಕುಲುಕಾಡುವಂತೆ ಕುಲುಕಾಡುತ್ತದೆ. ಇದಕ್ಕೆ ಕಾರಣ ನೆಲದ ಕಾವು. ಕಾದ ನೆಲದಿಂದ ಬಿಸಿಗಾಳಿಯು ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ. ಏರಿದಂತೆಲ್ಲ ಸುತ್ತಣ ಒತ್ತಡ ಕಡಮೆಯಾಗುವುದರಿಂದ ಅದು ಹಿಗ್ಗಿ, ಕಿಲೋಮೀಟರಿಗೆ ಸುಮಾರು ೧೦ ಡಿಗ್ರಿ ಸೆಲ್ಸಿಯಸಿನಂತೆ ತಣ್ಣಗಾಗುತ್ತದೆ. ಒಂದು ಎತ್ತರವನ್ನು ಮುಟ್ಟಿದಾಗ ಅದರಲ್ಲಿನ ನೀರಾವಿ ಹನಿಗಟ್ಟತೊಡಗುತ್ತದೆ. ಅಲ್ಲಿಯೇ ಮೋಡದ ತಳ. ಒಂದೇ ಬಯಲಿನ ಮೇಲೆ ತೇಲುವ ಮೋಡಗಳಿಗೆಲ್ಲ ತಳವು ಒಂದೇ ಮಟ್ಟದಲ್ಲಿ, ಹಲಗೆಯ ಮೇಲೆ ಜೋಡಿಸಿಟ್ಟಂತೆ ಇರುವುದು ಈ ಕಾರಣದಿಂದಲೇ.

ಆ ಎತ್ತರವನ್ನು ನೆಲದ ಮೇಲೆ ನಿಂತೇ ಅಂದಾಜು ಮಾಡಬಹುದು. ನೆಲದ ಬಳಿ ಗಾಳಿಯ ಉಷ್ಣತೆ ೨೮ ಡಿಗ್ರಿ, ಅದರ ಆವಿ ಹನಿಗಟ್ಟುವ ಉಷ್ಣತೆ ೨೦ ಡಿಗ್ರಿ ಎಂದಿಟ್ಟುಕೊಳ್ಳೋಣ. ಗಾಳಿ ಹಿಗ್ಗಿದಂತೆ ಹನಿಗಟ್ಟುವ ಉಷ್ಣತೆಯೂ ತುಸು ಇಳಿಯುವುದರಿಂದ, ಪ್ರತಿ ಡಿಗ್ರಿ ಅಂತರಕ್ಕೆ ಸುಮಾರು ೧೨೫ ಮೀಟರಿನಂತೆ ಲೆಕ್ಕ ಹಿಡಿಯಬೇಕು. ಎಂಟು ಡಿಗ್ರಿಗೆ ೧,೦೦೦ ಮೀಟರ್. ಮೋಡದ ತಳ ಅಷ್ಟು ಎತ್ತರದಲ್ಲಿರುತ್ತದೆ.

ಮೋಡಗಳ ನಡುವಣ ತೆರಪಿನಲ್ಲಿ ವಿಮಾನವು ಮೇಲೇರಿ ಅವುಗಳ ನೆತ್ತಿಯನ್ನು ದಾಟಿತೆನ್ನಿ. ಕುಲುಕಾಟವೆಲ್ಲ ಥಟ್ಟನೆ ನಿಂತುಬಿಡುತ್ತದೆ. ಎಷ್ಟೋ ವೇಳೆ ಅಲ್ಲಿ, ಮೋಡದ ಪದರದ ಮೇಲೆ, ಕೆಳಗಿನದಕ್ಕಿಂತ ಬೆಚ್ಚಗಿರುವ ಗಾಳಿಯ ಹಾಸು ಹರಡಿರುತ್ತದೆ. ಕೆಳಗಿನಿಂದ ಏರಿ ಬಂದ ಗಾಳಿ ತಣ್ಣಗಾಗಿ ಭಾರವಾಗಿರುವುದರಿಂದ ಈ ಹಾಸನ್ನು ಭೇದಿಸಲಾರದೆ ಅಲ್ಲಿಯೇ ನಿಲ್ಲುತ್ತದೆ. ಪಾತ್ರೆಗೆ ಮುಚ್ಚಳವಿದ್ದಂತೆ ಆಕಾಶಕ್ಕೂ ಒಂದು ಮುಚ್ಚಳ! ಧೂಳು, ಹೊಗೆ, ಮಂಜುಗಳೆಲ್ಲ ಅದರ ಕೆಳಗೇ ಉಳಿಯುತ್ತವೆ. ಆದುದರಿಂದಲೇ ಮೇಲಿನ ಗಾಳಿ ತಿಳಿಯಾಗಿ, ಬಾನು ಗಾಢನೀಲಿಯಾಗಿ, ದೂರದ ಬೆಟ್ಟದ ಶಿಖರವೂ ಹತ್ತಿರವೇ ಇದ್ದಂತೆ ಕಾಣುತ್ತದೆ. ವಿಮಾನವು ಕೆರೆಯ ನೀರಿನ ಮೇಲಣ ದೋಣಿಯಂತೆ ನಿಶ್ಚಲವಾಗಿ ಸಾಗುತ್ತದೆ.

ಸೂರ್ಯನು ಬೆನ್ನ ಹಿಂದಿದ್ದಾಗ ಇನ್ನೊಂದು ಸೋಜಿಗ ಕಣ್ಣಿಗೆ ಬೀಳುತ್ತದೆ. ಬಿಳಿಯ ಮೋಡದ ಮೇಲೆ ವಿಮಾನದ ಪುಟ್ಟ ನೆರಳು ಓಡುತ್ತಿರುತ್ತದೆ. ಅದರ ಸುತ್ತ, ದೇವರ ವಿಗ್ರಹಕ್ಕೆ ಪ್ರಭಾವಳಿಯಿದ್ದಂತೆ, ಬಣ್ಣಬಣ್ಣದ ಉಂಗುರಗಳು. ಮೋಡದ ಹನಿಯ ಅಡ್ಡಳತೆ ಸುಮಾರು ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗ ಮಾತ್ರ. ಇಂತಹ ಹತ್ತು ಲಕ್ಷ ಹನಿಗಳು ಕೂಡಿದರೆ ಎರಡು ಮಿಲಿಮೀಟರಿನ ಒಂದು ಮಳೆಹನಿಯಾದೀತು. ಈ ಕಿರುಹನಿಗಳನ್ನು ಹೊಕ್ಕು, ಬಳಸಿ, ಬಂದ ದಿಕ್ಕಿಗೇ ಹಿಂದಿರುಗುವ ಬೆಳಕಿನ ಅಲೆಗಳು ಕೆಲವೆಡೆ ಒಂದನ್ನೊಂದು ಬಲಪಡಿಸಿ, ಕೆಲವೆಡೆ ಅಳಿಸಿ, ಈ ಉಂಗುರಗಳನ್ನು ಮೂಡಿಸುತ್ತವೆ. ಹನಿ ಚಿಕ್ಕದಾದಷ್ಟೂ ಉಂಗುರ ದೊಡ್ಡದು. ಉಂಗುರದ ಕೇಂದ್ರವು ನೋಡುವವನ ಕಣ್ಣಿನ ನೆರಳು ಬೀಳಬೇಕಾದ ಎಡೆಯಲ್ಲಿಯೇ ಇರುವುದು. ದೊಡ್ಡ ವಿಮಾನದ ಮುಂಭಾಗದಲ್ಲಿ ಕುಳಿತವನಿಗೂ ಬಾಲದ ಬಳಿ ಕುಳಿತವನಿಗೂ ಪ್ರಭಾವಳಿ ಬೇರೆ ಬೇರೆ.

ಈ ನೋಟವು ವಿಜ್ಞಾನಕ್ಕೆ ಒಂದು ಮಹದುಪಕಾರವನ್ನು ಮಾಡಿದೆ. ೧೮೯೪ರ ಸೆಪ್ಟೆಂಬರಿನಲ್ಲಿ ಸಿ. ಟಿ. ಆರ್. ವಿಲ್ಸನ್ ಎಂಬ ತರುಣನು ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ವೀಕ್ಷಣಾಲಯದಲ್ಲಿ ಕೆಲವು ವಾರ ಇದ್ದನು. ಮೋಡದ ಮೇಲೆ ಕಂಡ ಪ್ರಭಾವಳಿಗಳಿಗೆ ಮರುಳಾಗಿ, ಅವನ್ನು ಪ್ರಯೋಗಶಾಲೆಯಲ್ಲಿ ಉಂಟುಮಾಡಬೇಕೆಂದು ಗಾಜಿನ ಪಾತ್ರೆಯಲ್ಲಿ ಕೃತಕ ಮೋಡಗಳನ್ನು ಸೃಷ್ಟಿಸತೊಡಗಿದನು. ಆ ಹವ್ಯಾಸವೇ ಬೆಳೆದು, ೧೯೧೧ರ ವೇಳೆಗೆ ಕಣ್ಣಿಗೆ ಕಾಣದ ಪರಮಾಣು ಕಣಗಳ ಜಾಡನ್ನು ತೋರಿಸುವ ಮೇಘಕೋಷ್ಠವಾಯಿತು. ೧೯೨೭ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವನ್ನು ತಂದಿತು.

ಆದರೆ ಎಲ್ಲ ಮೋಡಗಳನ್ನೂ ಸಣ್ಣ ವಿಮಾನ ದಾಟಲಾರದು. ಮೂರು ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. ಇಂಜಿನಿಗೆ ಉಸಿರು ಸಾಲದು, ಮನುಷ್ಯನಿಗೂ ಅಷ್ಟೆ. ಇನ್ನೂ ಮೇಲೇರಿದರೆ ಆಮ್ಲಜನಕದ ಕೊರತೆಯಿಂದ ಬುದ್ಧಿ ಮಂಕಾಗುತ್ತದೆ. ಮಂಕಾದುದು ಅವನಿಗೇ ತಿಳಿಯದೆ, ಕೆಲವೊಮ್ಮೆ ಅಕಾರಣವಾದ ಉಲ್ಲಾಸವೇ ಉಂಟಾಗುವುದು! ಗುಡುಗಿನ ಮೋಡವಾದರೋ ಹದಿನೈದು ಕಿಲೋಮೀಟರಿಗೂ ಮೇಲೆ ತಲೆಯೆತ್ತೀತು. ಅದರಿಂದ ದೂರ ಸರಿಯುವುದೊಂದೇ ಜಾಣತನ.

ಇನ್ನೊಂದು ಕಷ್ಟವು ಇದಕ್ಕಿಂತ ದೊಡ್ಡದು. ಮುಗಿಲ ಮೇಲೆ ಏರಿದವನು ಮತ್ತೆ ಕೆಳಗಿಳಿಯಲೇಬೇಕಷ್ಟೆ. ಏರಿದ ತೆರಪು ಅಷ್ಟರಲ್ಲಿ ಮುಚ್ಚಿಹೋಗಿದ್ದರೆ?

೧೯೨೬ರ ಸೆಪ್ಟೆಂಬರ್ ೧೬ರ ರಾತ್ರಿ ಚಾರ್ಲ್ಸ್ ಲಿಂಡ್‌ಬರ್ಗನಿಗೆ ಒದಗಿದ್ದು ಇದೇ ಸಂಕಟ. ಮುಂದಿನ ವರ್ಷ ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ದಾಟಿ ಜಗದ್ವಿಖ್ಯಾತನಾದ ಅವನು ಆಗ ಸೇಂಟ್ ಲೂಯಿಯಿಂದ ಷಿಕಾಗೋವಿಗೆ ಅಂಚೆ ಒಯ್ಯುವ ವೈಮಾನಿಕ. ಷಿಕಾಗೋವಿನ ಸುತ್ತ ಮಂಜು ಕವಿದು ನೆಲವೆಲ್ಲ ಮುಚ್ಚಿಹೋಗಿತ್ತು. ಮೇಲೆ ನಿರ್ಮಲವಾದ ಆಕಾಶ. ಕೆಳಗೆ ಇಳಿಯಲು ಎಡೆಯಿಲ್ಲ. ಪೆಟ್ರೋಲು ತೀರಿ ಇಂಜಿನು ನಿಂತಿತು. ಅವನು ಪ್ಯಾರಾಷೂಟಿನೊಡನೆ ಹೊರಕ್ಕೆ ಹಾರಿದನು. ಅಷ್ಟರಲ್ಲಿ ವಿಮಾನದ ಮೂತಿ ಕೆಳಕ್ಕೆ ಬಾಗಿ, ಟ್ಯಾಂಕಿನ ತಳದಲ್ಲಿ ಉಳಿದಿದ್ದ ತುಸು ಪೆಟ್ರೋಲು ಮುಂದಕ್ಕೆ ಹರಿದುದರಿಂದ ಇಂಜಿನು ಮತ್ತೆ ಹೊತ್ತಿಕೊಂಡಿತು! ಒಡೆಯನಿಲ್ಲದ ವಿಮಾನವು ತೇಲುತ್ತಿದ್ದ ಲಿಂಡ್‌ಬರ್ಗನತ್ತಲೇ ಸುತ್ತು ಹೊಡೆಯುತ್ತ ಬಂದಿತು. ದೈವವಶಾತ್ ಅದು ತಗಲಲಿಲ್ಲ. ಅವನು ಮುಸುಕಿನ ಜೋಳದ ಹೊಲವೊಂದರಲ್ಲಿ ಸುರಕ್ಷಿತವಾಗಿ ಇಳಿದನು.

ಮೋಡದೊಳಗೆ ಧೈರ್ಯವಾಗಿ ನುಗ್ಗಿ ಇಳಿಯಬಾರದೇಕೆ ಎಂದು ವಾಚಕರು ಕೇಳಬಹುದು. ಅಡ್ಡಿ ಇರುವುದು ನಮ್ಮ ಕಿವಿಯಲ್ಲಿ. ಒಳಗಿವಿಯ ಮೂರು ಅರ್ಧವರ್ತುಲ ನಾಳಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ಈ ದ್ರವವು ಹಿಂದುಳಿಯುವುದರಿಂದಲೇ ತಿರುವಿನ ಅರಿವು ನಮಗಾಗುವುದು. ಆದರೆ ತಿರುವು ಒಂದೇ ಸಮನಾಗಿ ಕೆಲವು ಸೆಕೆಂಡು ಮುಂದುವರಿದರೆ ದ್ರವವೂ ನಾಳದೊಡನೆ ತಿರುಗತೊಡಗಿ ಅರಿವು ಅಡಗುತ್ತದೆ. ತೀರ ನಿಧಾನವಾದ ತಿರುವಂತೂ ಮೊದಲೇ ತಿಳಿಯದು. ಕಣ್ಣಿಗೆ ದಿಗಂತ ಕಾಣುತ್ತಿರುವಾಗ ಈ ತಪ್ಪು ತಾನೇ ತಿದ್ದಿಹೋಗುತ್ತದೆ. ಮೋಡದಲ್ಲಿ ದಿಗಂತವೆಲ್ಲಿ? ರೆಕ್ಕೆ ಒಂದು ಕಡೆಗೆ ವಾಲುತ್ತದೆ, ಮೂತಿ ತಗ್ಗುತ್ತದೆ, ವೇಗ ಹೆಚ್ಚುತ್ತದೆ. ನೇರವಾಗಿಯೇ ಇದ್ದೇನೆಂದು ನಂಬಿದ ವೈಮಾನಿಕನು ಮೂತಿಯೆತ್ತಲು ಹಿಡಿಯನ್ನೆಳೆಯುತ್ತಾನೆ. ವಾಲಿದ ವಿಮಾನದಲ್ಲಿ ಅದರಿಂದ ಸುರುಳಿ ಇನ್ನಷ್ಟು ಬಿಗಿಯಾಗುವುದೇ ಹೊರತು ವಿಮಾನ ಏಳದು.

೧೯೫೪ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ, ಉಪಕರಣಗಳನ್ನು ನೋಡಿ ಹಾರುವ ಅಭ್ಯಾಸವಿಲ್ಲದ ೨೦ ಮಂದಿಯನ್ನು ಹೊರಗಿನ ನೋಟವಿಲ್ಲದಂತೆ ಮಾಡಿ ಪರೀಕ್ಷಿಸಿದರು. ಇಪ್ಪತ್ತು ಮಂದಿಯೂ ವಿಮಾನದ ಹತೋಟಿಯನ್ನು ಕಳೆದುಕೊಂಡರು. ಅದಕ್ಕೆ ಹಿಡಿದ ಕಾಲ ಸರಾಸರಿ ೧೭೮ ಸೆಕೆಂಡು. ಮೂರು ನಿಮಿಷವೂ ಇಲ್ಲ! ಆದರೆ ಸ್ವಲ್ಪ ಶಿಕ್ಷಣ ದೊರೆತ ಮೇಲೆ ಅವರೇ ವಿಮಾನವನ್ನು ಹಿಂದಕ್ಕೆ ತಿರುಗಿಸಿ ಮೋಡದಿಂದ ಪಾರಾಗಬಲ್ಲವರಾದರು.

ಕಿವಿ ಹೇಳುವ ಸುಳ್ಳನ್ನು ಬಯಲಿಗೆಳೆಯುವ ಸಾಧನದ ಗುಟ್ಟು ನಮ್ಮ ಮಕ್ಕಳಿಗೂ ಗೊತ್ತು. ಅದು ಬುಗುರಿ. ರಭಸವಾಗಿ ತಿರುಗುವ ಬುಗುರಿಯ ಅಚ್ಚು ತನ್ನ ದಿಕ್ಕನ್ನು ಸುಲಭವಾಗಿ ಬದಲಿಸದು. ಅಂತಹ ಚಕ್ರವೊಂದನ್ನು ಎತ್ತ ಬೇಕಾದರೂ ತಿರುಗಬಲ್ಲ ಚೌಕಟ್ಟಿನಲ್ಲಿ ಕೂರಿಸಿದರೆ ಗೈರೋಸ್ಕೋಪು ಆಗುತ್ತದೆ. ವಿಮಾನ ಹೇಗೆ ವಾಲಿದರೂ ಚಕ್ರದ ಅಚ್ಚು ನೆಟ್ಟಗೇ ಇದ್ದು, ವೈಮಾನಿಕನ ಮುಂದೆ ಕೃತಕ ದಿಗಂತವೊಂದನ್ನು ತೋರಿಸುತ್ತದೆ. ೧೯೨೯ರ ಸೆಪ್ಟೆಂಬರ್ ೨೪ರಂದು ಜಿಮ್ಮಿ ಡೂಲಿಟಲ್ ನ್ಯೂಯಾರ್ಕಿನ ಬಳಿಯ ಮಿಚೆಲ್ ಮೈದಾನದಲ್ಲಿ, ಸುತ್ತಲೂ ಮುಸುಕು ಹಾಕಿದ ಆಸನದಲ್ಲಿ ಕುಳಿತು, ಈ ಉಪಕರಣಗಳನ್ನೂ ರೇಡಿಯೋ ಸಂಕೇತವನ್ನೂ ನಂಬಿ ವಿಮಾನವನ್ನು ಏರಿಸಿ, ಸುತ್ತು ಹಾಕಿಸಿ, ಇಳಿಸಿದನು. ಅಪಾಯವೊದಗಿದರೆ ನೆರವಾಗಲೆಂದು ಮುಂದಿನ ಆಸನದಲ್ಲಿದ್ದ ಕೆಲ್ಸಿ ಎಂಬ ಅಧಿಕಾರಿಯು ಹಿಡಿಯನ್ನು ಮುಟ್ಟಬೇಕಾಗಲಿಲ್ಲ. ಹದಿನೈದು ನಿಮಿಷಗಳ ಆ ಹಾರಾಟದಿಂದ ಕುರುಡು ಮೋಡದಲ್ಲಿಯೂ ದಾರಿ ತೆರೆಯಿತು.

ಇಂದಿನ ಗಾಜಿನ ಫಲಕಗಳಲ್ಲಿ ತಿರುಗುವ ಚಕ್ರದ ಬದಲು ಚಿಕ್ಕ ವಿದ್ಯುನ್ಮಾನ ಸಂವೇದಕಗಳಿರುತ್ತವೆ. ಆದರೂ ಕಲಿಯುವವನಿಗೆ ಮೊದಲ ಪಾಠ ಬದಲಾಗಿಲ್ಲ. ಮೈಯ ಅನುಭವಕ್ಕೂ ಉಪಕರಣಕ್ಕೂ ಜಗಳ ಬಂದಾಗ ಉಪಕರಣವನ್ನೇ ನಂಬಬೇಕು. ಹೇಳಲು ಸುಲಭವಾದ ಈ ಮಾತನ್ನು ಮೈಗೂಡಿಸಿಕೊಳ್ಳಲು ಎಷ್ಟೋ ಗಂಟೆಗಳ ಅಭ್ಯಾಸ ಬೇಕಾಗುತ್ತದೆ.

ಆ ಅಭ್ಯಾಸವುಳ್ಳವನು ಸಂಜೆಯ ಬಿಸಿಲಿನಲ್ಲಿ ಹೊಂಬಣ್ಣವಾದ ಮುಗಿಲ ಬಯಲನ್ನು ಮನದಣಿಯೆ ನೋಡಿ, ಇಂಜಿನಿನ ವೇಗವನ್ನು ತಗ್ಗಿಸುತ್ತಾನೆ. ನೆರಳು ಮೇಲೇರಿ ಬಂದು ವಿಮಾನವನ್ನು ಮುಟ್ಟುತ್ತದೆ, ಪ್ರಭಾವಳಿ ಕರಗಿಹೋಗುತ್ತದೆ. ಆಮೇಲೆ ಎಲ್ಲೆಡೆಯೂ ಬೂದುಬಣ್ಣ. ಕಣ್ಣೆಲ್ಲ ಕೃತಕ ದಿಗಂತದ ಮೇಲೆ. ಕೆಲವು ನಿಮಿಷಗಳ ಬಳಿಕ ಮೋಡ ಹರಿದು, ತೊಯ್ದ ಹೊಲಗಳೂ ದೀಪ ಹೊತ್ತಿಸಿದ ಓಡುದಾರಿಯೂ ಕಾಣುತ್ತವೆ. ಕೆಳಗಿನ ರಸ್ತೆಯಲ್ಲಿ ಕೊಡೆ ಹಿಡಿದು ಹೋಗುತ್ತಿರುವವರಿಗೆ ಅಂದು ಸೂರ್ಯನೇ ಮೂಡಿಲ್ಲ. ಅವನ ಕಣ್ಣಲ್ಲಿ ಮಾತ್ರ ಆ ಬಿಸಿಲು ಇನ್ನೂ ಉಳಿದಿರುತ್ತದೆ.