ಪಿನ್ ಕೂತರೆ ಸಾಲದು, ವೋಲ್ಟೇಜ್ ನೋಡಿ

ಆನ್‌ಸೈಟ್‌ಗೆ ಹೊರಟ ಗೆಳೆಯರು ನನ್ನನ್ನ ತಪ್ಪದೇ ಕೇಳೋ ಪ್ರಶ್ನೆ: "ಮಿಕ್ಸಿ ತಗೊಂಡು ಹೋಗ್ಲಾ?" ಉತ್ತರಕ್ಕೆ ಮುಂಚೆ ನಾನೇ ಮಾಡಿದ ಒಂದು ತಪ್ಪು ಹೇಳ್ತೀನಿ.

ಅಮೆರಿಕದಿಂದ ವಾಪಸ್ ಬರುವಾಗ ಅಮ್ಮನಿಗೆ ಅಂತ ಒಂದು ರೈಸ್ ಕುಕ್ಕರ್ ತಂದೆ, ಜೊತೆಗೊಂದು ಅಡಾಪ್ಟರ್. ಹಾಸನದ ಮನೆಯಲ್ಲಿ ಅಮ್ಮ ಅಕ್ಕಿ ಇಟ್ಟು ಸ್ವಿಚ್ ಹಾಕಿದ್ರು. ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ, ಆಮೇಲೆ ಹೊಗೆ. ಓಡಿಹೋಗಿ ಮೇನ್ ಆಫ್ ಮಾಡಿದೆ. ಅಮ್ಮನಿಗೆ ಏನೂ ಆಗಲಿಲ್ಲ, ಪುಣ್ಯ. ಎಂಟೆಕ್ ಮಾಡಿದ ಮಗ ಕುಕ್ಕರಿನ ತಳದ ಲೇಬಲ್ ಓದಿರಲಿಲ್ಲ!

ಆಗಿದ್ದಿಷ್ಟೇ. ಅಡಾಪ್ಟರ್ ಬದಲಾಯಿಸೋದು ಪಿನ್ನಿನ ಆಕಾರ ಮಾತ್ರ, ವೋಲ್ಟೇಜ್ ಅಲ್ಲ. ಅಮೆರಿಕದಲ್ಲಿ 120 ವೋಲ್ಟ್, ನಮ್ಮಲ್ಲಿ 230. ಬಿಸಿ ಮಾಡೋ ಕಾಯಿಲ್‌ನಲ್ಲಿ ವೋಲ್ಟೇಜ್ ಎರಡರಷ್ಟಾದರೆ ಪವರ್ ನಾಲ್ಕರಷ್ಟಾಗುತ್ತದೆ. ಲೆಕ್ಕ ಹಾಕಿದರೆ, ಅಲ್ಲಿನ 500 ವ್ಯಾಟಿನ ಕುಕ್ಕರ್ ಇಲ್ಲಿ 1,800 ವ್ಯಾಟ್ ದಾಟುತ್ತದೆ. ಸುಡದೆ ಇನ್ನೇನಾಗತ್ತೆ?

ಉಲ್ಟಾ ಆದರೆ ಅಪಾಯ ಕಡಿಮೆ, ಕಿರಿಕಿರಿ ಜಾಸ್ತಿ. ನಮ್ಮ ಕೆಟಲ್ ಅಲ್ಲಿ ಸುಮಾರು ಕಾಲು ಭಾಗ ಪವರ್‌ನಲ್ಲಿ ನಡೆಯುತ್ತದೆ. ನೀರು ಕುದಿಯೋಕೆ ಕಾಯ್ತಾ ಕೂರಬೇಕು. ಮಿಕ್ಸಿಯ ಮೋಟಾರಿಗೆ ಶಕ್ತಿ ಸಾಲದೆ ಚಟ್ನಿ ತರಿತರಿಯಾಗೇ ಉಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ 750 ವ್ಯಾಟಿನ ಮಿಕ್ಸಿಗೆ ಬೇಕಾದದ್ದರ ತೂಕವೇ ಕೆಲವು ಕಿಲೋ. ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ 110 ವೋಲ್ಟಿನ ಮಿಕ್ಸಿ, ಗ್ರೈಂಡರ್ ಸಿಗುತ್ತವೆ. ಅದನ್ನೇ ತಗೊಳ್ಳಿ, ವಾಪಸ್ ಬರುವಾಗ ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ.

ಹಾಗಾದರೆ ಲ್ಯಾಪ್‌ಟಾಪ್, ಮೊಬೈಲ್? ಅವುಗಳ ಚಾರ್ಜರ್ ಮೇಲೆ ಸಾಮಾನ್ಯವಾಗಿ "ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಸ್" ಅಂತ ಇರುತ್ತದೆ. ಹಾಗಿದ್ದರೆ 100 ವೋಲ್ಟಿನ ಜಪಾನಿನಲ್ಲೂ ಬರೀ ಅಡಾಪ್ಟರ್ ಸಾಕು. ಬ್ರಿಟನ್, ಸಿಂಗಾಪುರದಲ್ಲಿ ನಮ್ಮಂತೆಯೇ 230 ವೋಲ್ಟ್. ಅಲ್ಲಿ ನಮ್ಮ ಮಿಕ್ಸಿ ಆರಾಮಾಗಿ ತಿರುಗುತ್ತದೆ. ಆದರೆ ಮೂರು ಪಿನ್ನಿನ ವಸ್ತುವಿಗೆ ಅರ್ಥಿಂಗ್ ಇರುವ, ಅಷ್ಟು ಆಂಪಿಯರ್ ತಡೆಯುವ ಅಡಾಪ್ಟರೇ ಬೇಕು.

ಸೂಟ್‌ಕೇಸ್ ತುಂಬೋ ಮುಂಚೆ ಪ್ರತಿಯೊಂದನ್ನೂ ತಿರುಗಿಸಿ ಲೇಬಲ್ ಓದಿ. ಊರಿಗೆ ಗಿಫ್ಟ್ ಒಯ್ಯುವಾಗಂತೂ ಎರಡು ಸಲ ಓದಿ. ಯಾಕಂದ್ರೆ ಅಲ್ಲಿ ಸ್ವಿಚ್ ಹಾಕೋರು ನಾವಲ್ಲ, ನಮ್ಮನ್ನ ನಂಬಿದ ಅಮ್ಮ. ಮತ್ತೆ ಸಿಗೋಣ.