ತಪ್ಪು ವಿಳಾಸದ ಇ-ಮೇಲ್: ಬಾಗಿಲಲ್ಲೇ ನಿರಾಕರಿಸುವುದು ಲೇಸು

ಗ್ರಾಹಕರು ಆರ್ಡರನ್ನು ಇ-ಮೇಲ್ ಮೂಲಕ ಕಳುಹಿಸುವಾಗ ವಿಳಾಸದಲ್ಲಿ ಒಂದಕ್ಷರ ತಪ್ಪಿದರೆ ಏನಾಗುತ್ತದೆ? ಉತ್ತರವು ಸಂಸ್ಥೆಯ ಸರ್ವರ್ ವ್ಯವಸ್ಥೆಯನ್ನು ಅವಲಂಬಿಸಿದೆ.

ಅನೇಕ ಸಂಸ್ಥೆಗಳಲ್ಲಿ ಪತ್ರವನ್ನು ಮೊದಲು ರಿಲೇ ಸರ್ವರ್ ಸ್ವೀಕರಿಸಿ, ಬಳಿಕ ಒಳಗಿನ ಸರ್ವರ್‌ಗೆ ದಾಟಿಸುತ್ತದೆ. ಸರಿಯಾದ ವಿಳಾಸಗಳ ಪಟ್ಟಿ ರಿಲೇ ಸರ್ವರ್‌ನಲ್ಲಿ ಇಲ್ಲದಿದ್ದರೆ ಅದು ಎಲ್ಲವನ್ನೂ ಸ್ವೀಕರಿಸುತ್ತದೆ. ಒಳಗಿನ ಸರ್ವರ್ ನಿರಾಕರಿಸಿದಾಗ, ಕಳುಹಿಸಿದವರಿಗೆ ತಿಳಿಸುವ ಹೊಣೆ ರಿಲೇಯದಾಗುತ್ತದೆ. ವಂಚಕರು ಪರರ ವಿಳಾಸ ಬಳಸಿ ಕಳುಹಿಸಿದ ಪತ್ರವಾದರೆ, ಈ ಸೂಚನೆ ಸಂಬಂಧವಿಲ್ಲದವರಿಗೆ ಹೋಗುತ್ತದೆ. ಇಂತಹವು ಹೆಚ್ಚಿದರೆ ಸರ್ವರ್ ಕಪ್ಪುಪಟ್ಟಿಗೆ ಸೇರಿ, ಸಂಸ್ಥೆಯ ನೈಜ ಇನ್‌ವಾಯ್ಸ್‌ಗಳೂ ತಿರಸ್ಕೃತವಾಗಬಹುದು.

ಆದುದರಿಂದ ವಿಳಾಸಗಳ ಪಟ್ಟಿಯನ್ನು ರಿಲೇ ಸರ್ವರ್‌ಗೇ ಒದಗಿಸತಕ್ಕದ್ದು. ಪೋಸ್ಟ್‌ಫಿಕ್ಸ್ ಮುಂತಾದ ತಂತ್ರಾಂಶಗಳಲ್ಲಿ ಈ ಸೌಲಭ್ಯವಿದೆ. ಆಗ ತಪ್ಪು ವಿಳಾಸಕ್ಕೆ 550 ಎಂಬ ಶಾಶ್ವತ ನಿರಾಕರಣೆಯ ಸಂಕೇತ ತಕ್ಷಣ ದೊರೆತು, ಗ್ರಾಹಕರಿಗೆ ಅವರದೇ ಸರ್ವರ್ ತಿಳಿಸುತ್ತದೆ. 4ರಿಂದ ಆರಂಭವಾಗುವ ಸಂಕೇತಗಳು ತಾತ್ಕಾಲಿಕ. ಅವನ್ನು ನೀಡಿದರೆ ಕಳುಹಿಸುವ ಸರ್ವರ್ ದಿನಗಟ್ಟಲೆ ಮರುಪ್ರಯತ್ನಿಸುತ್ತಿರುತ್ತದೆ, ಆರ್ಡರ್ ತಲುಪಿಲ್ಲವೆಂಬುದು ತಡವಾಗಿ ತಿಳಿಯುತ್ತದೆ.

ಇದಕ್ಕೆ ಕಾನೂನಿನ ಮುಖವೂ ಉಂಟು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಪಡೆಯುವವರು ಗೊತ್ತುಪಡಿಸಿದ ಕಂಪ್ಯೂಟರ್ ವ್ಯವಸ್ಥೆಯನ್ನು ಪತ್ರ ಪ್ರವೇಶಿಸಿದಾಗಲೇ ಅದು ಸ್ವೀಕೃತ. ರಿಲೇ ಒಪ್ಪಿಕೊಂಡ ಮೇಲೆ ಕಳೆದುಹೋದ ಪತ್ರ ವಿವಾದಕ್ಕೆ ಎಡೆಗೊಡಬಹುದು. ಬಾಗಿಲಲ್ಲೇ ನಿರಾಕರಿಸಿದ್ದಕ್ಕೆ ಸರ್ವರ್ ದಾಖಲೆಯೇ ಸಾಕ್ಷ್ಯ.

ನೌಕರರು ಸೇರಿದಾಗ, ಬಿಟ್ಟಾಗ ಈ ಪಟ್ಟಿಯನ್ನು ತಿದ್ದುವುದು ಲೆಕ್ಕಪುಸ್ತಕ ಬರೆಯುವಷ್ಟೇ ಅಗತ್ಯ.