ಈ ಫೈಲು ಡಾಕ್ಯುಮೆಂಟ್ ಅಂತ ಹೇಳಿದ್ದು ಯಾರು?

ವಿಂಡೋಸ್ ಕಂಪ್ಯೂಟರಿನಲ್ಲಿ ಯಾವುದಾದರೂ ಫೋಲ್ಡರ್ ತೆರೆಯಿರಿ. ಬಲ ಮೂಲೆಯ ಸರ್ಚ್ ಬಾಕ್ಸಿನಲ್ಲಿ ಇಂಗ್ಲಿಷಿನಲ್ಲಿ ‘ಕೈಂಡ್’ ಎಂದು ಟೈಪ್ ಮಾಡಿ, ಪಕ್ಕದಲ್ಲೇ ಕೋಲನ್ ಹಾಕಿ, ‘ಡಾಕ್ಯುಮೆಂಟ್’ ಎಂದು ಸೇರಿಸಿ. ಫೋಟೋಗಳೆಲ್ಲ ಮಾಯ! ಹಾಡು, ಸಿನಿಮಾ ಎಲ್ಲ ಮಾಯ! ಉಳಿಯುವುದು ವರ್ಡಿನಲ್ಲಿ ಬರೆದ ಅರ್ಜಿ, ಎಕ್ಸೆಲ್ಲಿನ ಲೆಕ್ಕ, ಪವರ್‌ಪಾಯಿಂಟ್ ಸ್ಲೈಡು, ನೋಟ್‌ಪ್ಯಾಡಿನಲ್ಲಿ ಗೀಚಿಟ್ಟ ಟಿಪ್ಪಣಿ, ಎಂದೋ ಉಳಿಸಿಕೊಂಡ ವೆಬ್ ಪುಟ. ಡಿಸ್ಕಿನ ಮೇಲಿರುವುದು ಬರೀ ಸೊನ್ನೆ ಮತ್ತು ಒಂದು. ‘ನಾನು ಬರಹ’, ‘ನಾನು ಚಿತ್ರ’ ಎಂದು ಅಲ್ಲಿ ಯಾವುದೂ ಕೂಗಿ ಹೇಳುವುದಿಲ್ಲ. ಆದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಯಂತ್ರ ಅವನ್ನು ಬೇರ್ಪಡಿಸಿ ಮುಂದಿಟ್ಟಿತಲ್ಲ, ಹೇಗೆ? ಈ ಪ್ರಶ್ನೆ ಹಿಡಿದು ಇಳಿಯುತ್ತ ಹೋದರೆ ನಾವು ಕೊನೆಗೆ ತಲುಪುವುದು ಕನ್ನಡ ಅಕ್ಷರಗಳ ಬುಡಕ್ಕೆ. ಬನ್ನಿ, ಇಳಿಯೋಣ.

ವಿಂಡೋಸ್ ಮಾಡುವ ಕೆಲಸ ತೀರ ಸರಳ, ಆ ಸರಳತೆಯೇ ಬೆರಗು. ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಅದರ ರಿಜಿಸ್ಟ್ರಿಯೊಳಗೆ ‘ಕೈಂಡ್‌ಮ್ಯಾಪ್’ ಎಂಬ ಒಂದು ಪಟ್ಟಿ ಇದೆ. ಒಂದು ಕಡೆ ಫೈಲಿನ ಹೆಸರಿನ ಬಾಲ, ಅಂದರೆ ಎಕ್ಸ್‌ಟೆನ್ಷನ್. ಎದುರಿಗೆ ಅದರ ಜಾತಿ. ಡಾಟ್ ಟಿಎಕ್ಸ್‌ಟಿ, ಡಾಟ್ ಡಿಒಸಿ, ಡಾಟ್ ಎಕ್ಸ್‌ಎಲ್‌ಎಸ್, ಡಾಟ್ ಎಚ್‌ಟಿಎಂಎಲ್ ಎಲ್ಲದರ ಎದುರಿಗೂ ‘ಡಾಕ್ಯುಮೆಂಟ್’. ಅಷ್ಟೇ! ಫೈಲಿನ ಒಳಗೆ ಇಣುಕುವ ಗೋಜಿಗೇ ಅದು ಹೋಗುವುದಿಲ್ಲ. ನಿಮ್ಮ ಮದುವೆ ಫೋಟೋದ ಬಾಲ ಕತ್ತರಿಸಿ ಟಿಎಕ್ಸ್‌ಟಿ ಎಂದು ಅಂಟಿಸಿದರೆ, ಆ ಫೋಟೋ ಈ ಪಟ್ಟಿಯ ಲೆಕ್ಕದಲ್ಲಿ ಡಾಕ್ಯುಮೆಂಟ್ ಆಗಿಬಿಡುತ್ತದೆ. ಪಟ್ಟಿಯಲ್ಲಿಲ್ಲದ ಬಾಲವಿರುವ ಫೈಲಿನಲ್ಲಿ ಇಡೀ ಕಾದಂಬರಿಯೇ ತುಂಬಿದ್ದರೂ ಅದು ಹೊರಗೆ. ಇನ್ನೊಂದು ಸಾಲು ಸೇರಿಸಿದರೆ ಮಾತ್ರ ಒಳಗೆ. ಈ ಮೂರಕ್ಷರದ ಬಾಲ ಎಷ್ಟು ಹಳೆಯದು ಗೊತ್ತೇ? ಗ್ಯಾರಿ ಕಿಲ್ಡಾಲ್ 1970ರ ದಶಕದಲ್ಲಿ ಬರೆದ ಸಿಪಿಎಂ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು ಅಕ್ಷರ. ಎಂಎಸ್-ಡಾಸ್ ಅದನ್ನೇ ತೆಗೆದುಕೊಂಡಿತು, ಡಾಸ್‌ನಿಂದ ವಿಂಡೋಸಿಗೆ ಬಂತು. ಮೆಮೊರಿ ಚಿನ್ನಕ್ಕಿಂತ ದುಬಾರಿಯಾಗಿದ್ದ ಕಾಲದ ಆ ಮಿತವ್ಯಯ ಇಂದಿಗೂ ನಮ್ಮ ಹುಡುಕಾಟದ ಫಲಿತಾಂಶವನ್ನು ನಿರ್ಧರಿಸುತ್ತಿದೆ!

ಜಾತಿ ಗೊತ್ತಾದ ಮಾತ್ರಕ್ಕೆ ಒಳಗಿನ ಮಾತು ಹುಡುಕಲು ಸಿಕ್ಕೀತೇ? ಅದಕ್ಕೆ ಬೇರೆಯೇ ಏರ್ಪಾಡು. ಕಂಟ್ರೋಲ್ ಪ್ಯಾನೆಲ್ಲಿನ ‘ಇಂಡೆಕ್ಸಿಂಗ್ ಆಪ್ಷನ್ಸ್’ ತೆರೆದು, ‘ಅಡ್ವಾನ್ಸ್ಡ್’ ಒತ್ತಿ, ‘ಫೈಲ್ ಟೈಪ್ಸ್’ ಎಂಬ ಹಾಳೆಗೆ ಹೋಗಿ ನೋಡಿ. ಉದ್ದಕ್ಕೂ ಬಾಲಗಳ ಮೆರವಣಿಗೆ. ಪ್ರತಿಯೊಂದರ ಪಕ್ಕ ಅದನ್ನು ಓದಿ ಹೇಳುವ ಫಿಲ್ಟರಿನ ಹೆಸರು. ಸಾದಾ ಬರಹಕ್ಕೊಂದು ಫಿಲ್ಟರ್, ವೆಬ್ ಪುಟಕ್ಕೊಂದು, ಹೊಸ ವರ್ಡ್ ಫೈಲಿಗೊಂದು. ಫಿಲ್ಟರ್ ಆಯಾ ಫೈಲನ್ನು ಬಿಚ್ಚಿ, ದಪ್ಪಕ್ಷರ, ಬಣ್ಣ, ಅಂಚು ಎಲ್ಲ ಕಳಚಿ, ಪದಗಳನ್ನಷ್ಟೇ ಸೋಸಿ ಇಂಡೆಕ್ಸಿಗೆ, ಅಂದರೆ ಹುಡುಕಾಟದ ಪದಸೂಚಿಗೆ, ಕೊಡುತ್ತದೆ. ಕೆಲವು ಬಗೆಯ ಫೈಲುಗಳಿಗೆ ಹೆಸರು, ತಾರೀಖು, ಗಾತ್ರ ಇಷ್ಟು ಮಾತ್ರ ಸಾಕು ಎಂದು ಗುರುತಾಗಿರುತ್ತದೆ. ಮನೆಯಲ್ಲಿ, ಆಫೀಸಿನಲ್ಲಿ ‘ಫೈಲು ಅಲ್ಲೇ ಇದೆ, ಹುಡುಕಿದರೆ ಸಿಗ್ತಿಲ್ಲ’ ಎಂದು ಪರದಾಡುವವರು ಮೊದಲು ನೋಡಬೇಕಾದದ್ದು ಈ ಹಾಳೆಯನ್ನೇ.

ಈಗ ಮ್ಯಾಕಿಗೆ ಬನ್ನಿ, ಅಲ್ಲಿ ಲೋಕವೇ ಬೇರೆ! 1984ರ ಮೊದಲ ಮ್ಯಾಕಿಂಟೋಷಿನಲ್ಲಿ ಫೈಲಿನ ಬಗೆ ತಿಳಿಯಲು ಬಾಲ ಬೇಕಿರಲಿಲ್ಲ. ಪ್ರತಿ ಫೈಲಿನ ಜೊತೆಗೆ ಕಣ್ಣಿಗೆ ಕಾಣದ ಎರಡು ಸಂಕೇತಗಳಿರುತ್ತಿದ್ದವು. ಒಂದೊಂದೂ ನಾಲ್ಕು ಅಕ್ಷರದ್ದು: ಇದು ಯಾವ ಬಗೆ ಎಂಬುದಕ್ಕೊಂದು, ಇದನ್ನು ಮಾಡಿದ ತಂತ್ರಾಂಶ ಯಾವುದು ಎಂಬುದಕ್ಕೆ ಇನ್ನೊಂದು. 2005ರ ಏಪ್ರಿಲ್‌ನಲ್ಲಿ ‘ಟೈಗರ್’ ಎಂಬ ಆವೃತ್ತಿಯ ಜೊತೆ ಸ್ಪಾಟ್‌ಲೈಟ್ ಹುಡುಕಾಟ ಬಂದಾಗ ಆಪಲ್ ಇನ್ನೂ ದೊಡ್ಡದೊಂದನ್ನು ಕಟ್ಟಿತು. ಫೈಲಿನ ಬಗೆಗಳಿಗೆಲ್ಲ ವಂಶಾವಳಿ!

ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ವಂಶಾವಳಿ. ಮ್ಯಾಕಿನ ಟರ್ಮಿನಲ್ ತೆರೆದು ‘ಎಂಡಿಎಲ್‌ಎಸ್’ ಎಂಬ ಆಜ್ಞೆ ಕೊಟ್ಟು ಯಾವ ಫೈಲಿನ ಹೆಸರು ಬರೆದರೂ ಅದರ ಹಿಂದಿನ ತಲೆಮಾರುಗಳೆಲ್ಲ ಸಾಲಾಗಿ ಇಳಿಯುತ್ತವೆ. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ತಾಯಿ ‘ಸೋರ್ಸ್ ಕೋಡ್’. ಅದರ ತಾಯಿ ‘ಸಾದಾ ಬರಹ’. ಅದರ ತಾಯಿ ‘ಬರಹ’. ಬರಹಕ್ಕೆ ಒಂದೇ ಮೂಲವಲ್ಲ, ಎರಡು: ಒಂದು ಕಡೆ ‘ದತ್ತಾಂಶ’, ಇನ್ನೊಂದು ಕಡೆ ‘ಒಳಹುರುಳು’. ಪಿಡಿಎಫ್‌ನ ಸಾಲು ತೆಗೆದು ನೋಡಿದರಂತೂ ಮೈ ಜುಂ ಎನ್ನುತ್ತದೆ. ಅದರ ಪೂರ್ವಜರಲ್ಲಿ ‘ಬರಹ’ ಎಂಬುದೇ ಇಲ್ಲ! ಚಿತ್ರ, ಅಕ್ಷರ, ಗೆರೆ ಎಲ್ಲ ಬೆರೆತ ‘ಸಂಯುಕ್ತ ಒಳಹುರುಳು’ ಎಂಬ ಬೇರೆಯೇ ಕವಲಿನಿಂದ ಅದು ಬಂದಿದೆ. ಸಿ ಪ್ರೋಗ್ರಾಮು ಬರಹದ ಮರಿಮೊಮ್ಮಗು, ಪುಸ್ತಕದಂತೆ ಕಾಣುವ ಪಿಡಿಎಫ್ ಬರಹಕ್ಕೆ ದೂರದ ನೆಂಟ! ಯೋಚಿಸಿದಷ್ಟೂ ಇದು ಸರಿಯೆನಿಸುತ್ತದೆ: ಪಿಡಿಎಫ್ ಪುಟ ಅಕ್ಷರಗಳನ್ನು ಓದಿಸಲಿಕ್ಕಿಂತ ಹೆಚ್ಚಾಗಿ ಇಂತಿಂಥ ಜಾಗದಲ್ಲಿ ಕೂರಿಸಲಿಕ್ಕೆ ಹುಟ್ಟಿದ್ದು. ಅದಕ್ಕೇ ಇರಬೇಕು, ಸ್ಪಾಟ್‌ಲೈಟಿನ ಸೆಟ್ಟಿಂಗ್ಸ್ ಪಟ್ಟಿಯಲ್ಲಿ ವರ್ಷಗಟ್ಟಲೆ ‘ಡಾಕ್ಯುಮೆಂಟ್ಸ್’ ಒಂದು ಸಾಲು, ‘ಪಿಡಿಎಫ್ ಡಾಕ್ಯುಮೆಂಟ್ಸ್’ ಇನ್ನೊಂದು ಸಾಲು, ಸ್ಪ್ರೆಡ್‌ಶೀಟಿಗೂ ಪ್ರೆಸೆಂಟೇಷನ್ನಿಗೂ ಬೇರೆ ಬೇರೆ ಸಾಲು. ವಿಂಡೋಸ್ ಒಂದೇ ಗುಂಪಿಗೆ ಸೇರಿಸಿದ್ದನ್ನು ಇದು ನಾಲ್ಕಾಗಿ ಒಡೆಯಿತು. ಅಷ್ಟೇ ಅಲ್ಲ, ಮ್ಯಾಕಿನಲ್ಲಿ ಆರ್‌ಟಿಎಫ್‌ಡಿ ಎಂಬ ಬಗೆಯೊಂದಿದೆ. ಡಿಸ್ಕಿನ ಮೇಲೆ ಅದೊಂದು ಫೋಲ್ಡರ್, ಒಳಗೆ ಬರಹವೂ ಚಿತ್ರಗಳೂ ಬಿಡಿಬಿಡಿ ಫೈಲುಗಳಾಗಿವೆ. ಹುಡುಕುವವನಿಗೆ ಮಾತ್ರ ಅದು ಒಂದೇ ಡಾಕ್ಯುಮೆಂಟ್.

ಹೆಸರನ್ನೂ ನಂಬದೆ, ಗುರುತುಚೀಟಿಯನ್ನೂ ಕೇಳದೆ, ನೇರವಾಗಿ ಫೈಲಿನ ಮೊದಲ ಬೈಟುಗಳನ್ನೇ ಓದಿ ತೀರ್ಮಾನಿಸುವ ಮೂರನೆಯ ದಾರಿಯೊಂದಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಯುನಿಕ್ಸ್‌ನ ನಾಲ್ಕನೆಯ ಆವೃತ್ತಿಯಲ್ಲಿ, 1973ರಲ್ಲೇ, ‘ಫೈಲ್’ ಎಂಬ ಆಜ್ಞೆ ಬಂತು. ಈಗ ಲಿನಕ್ಸ್‌ನಲ್ಲಿರುವುದು ಇಯಾನ್ ಡಾರ್ವಿನ್ 1980ರ ದಶಕದಲ್ಲಿ ಹೊಸದಾಗಿ ಬರೆಯಲು ಶುರುಮಾಡಿದ್ದು. ಪಿಡಿಎಫ್ ಆಗಿದ್ದರೆ ಮೊದಲ ನಾಲ್ಕು ಬೈಟು 37, 80, 68, 70. ಅಂದರೆ ಶೇಕಡಾ ಚಿಹ್ನೆ, ಆಮೇಲೆ ಪಿ, ಡಿ, ಎಫ್. ಹಳೆಯ ವರ್ಡ್ ಫೈಲಿನ ಮೊದಲ ಬೈಟುಗಳು 208, 207, 17, 224. ಇವನ್ನು ಹದಿನಾರರ ಲೆಕ್ಕದಲ್ಲಿ ಬರೆದು ಕಣ್ಣು ಕಿರಿದು ಮಾಡಿ ನೋಡಿದರೆ ಇಂಗ್ಲಿಷಿನ ‘ಡಾಕ್‌ಫೈಲ್’ ಎಂದೇ ಓದಿಕೊಳ್ಳಬಹುದು! 2007ರ ಆಫೀಸ್‌ನಿಂದ ಈಚೆಗಿನ ವರ್ಡ್ ಫೈಲು ಶುರುವಾಗುವುದು 80, 75ರಿಂದ. ಪಿ ಮತ್ತು ಕೆ, ಜಿಪ್ ವಿಧಾನ ರೂಪಿಸಿದ ಫಿಲ್ ಕಾಟ್ಜ್‌ನ ಹೆಸರಿನ ಮೊದಲಕ್ಷರಗಳು. ಹೌದು, ನೀವು ದಿನಾ ತೆರೆಯುವ ವರ್ಡ್ ಫೈಲು ನಿಜಕ್ಕೂ ಒಂದು ಜಿಪ್ ಗಂಟು. ಬಾಲ ಬದಲಿಸಿ ಬಿಚ್ಚಿದರೆ ಒಳಗೆ ಹತ್ತಾರು ಸಣ್ಣ ಫೈಲುಗಳು ಕಾಣುತ್ತವೆ.

ಹಾಗಾದರೆ ಜಿಪ್ ಯಾವುದು, ಅದರೊಳಗೆ ಅಡಗಿದ ಡಾಕ್ಯುಮೆಂಟ್ ಯಾವುದು? ಲಿಬ್ರೆಆಫೀಸ್ ಬಳಸುವ ಓಡಿಎಫ್ ಮತ್ತು ಇ-ಪುಸ್ತಕಗಳ ಇಪಬ್ ರೂಪಿಸಿದವರು ಇದಕ್ಕೆ ಹೂಡಿದ ಉಪಾಯ ಎಷ್ಟು ಚೆಂದ! ಗಂಟಿನಲ್ಲಿ ಮೊಟ್ಟಮೊದಲು ‘ಮೈಮ್‌ಟೈಪ್’ ಎಂಬ ಪುಟ್ಟ ಫೈಲು ಇಡಬೇಕು, ಅದನ್ನು ಮಾತ್ರ ಕುಗ್ಗಿಸಬಾರದು. ಜಿಪ್‌ನ ತಲೆಬರಹ 30 ಬೈಟು, ಆ ಹೆಸರಿಗೆ 8 ಬೈಟು, ಒಟ್ಟು 38. ಹಾಗಾಗಿ ಗಂಟು ಬಿಚ್ಚುವುದೇ ಬೇಡ. 38 ಬೈಟು ದಾಟಿದ ಕೂಡಲೇ ‘ನಾನು ಇಂಥ ಬಗೆಯ ಡಾಕ್ಯುಮೆಂಟ್’ ಎಂಬ ಸಾಲು ಬಟಾಬಯಲಿನಲ್ಲಿ ಓದಲು ಸಿಗುತ್ತದೆ.

ಇನ್ನು ಸಾದಾ ಬರಹ. ಅದಕ್ಕೆ ತಲೆಬರಹವೇ ಇಲ್ಲ, ಯಾವ ಗುರುತೂ ಇಲ್ಲ. ಬಾಲವೂ ಇಲ್ಲದಿದ್ದರೆ ಕಂಡುಹಿಡಿಯುವುದು ಹೇಗೆ? ಲಿನಕ್ಸ್ ಡೆಸ್ಕ್‌ಟಾಪುಗಳು ಹಂಚಿಕೊಂಡಿರುವ ನಿಯಮಪುಸ್ತಕ ಹೇಳುವುದು ಇಷ್ಟು: ಮೊದಲ 128 ಬೈಟು ನೋಡು, ಅಲ್ಲಿ ನಿಯಂತ್ರಣ ಸಂಕೇತಗಳು ಕಂಡರೆ ಅದು ಬರಹವಲ್ಲ ಎಂದು ಊಹಿಸು. ನಿಯಂತ್ರಣ ಸಂಕೇತ ಎಂದರೆ 32ಕ್ಕಿಂತ ಕೆಳಗಿನ ಬೆಲೆಗಳು. ಗಂಟೆ ಬಾರಿಸು, ಹಾಳೆ ಹೊರತಳ್ಳು ಎಂದು ಹಳೆಯ ಟೆಲಿಪ್ರಿಂಟರಿಗೆ ಕೊಡುತ್ತಿದ್ದ ಆಜ್ಞೆಗಳು. ಇಲ್ಲಿಗೇ ನಿಲ್ಲದೆ ಆ ಪುಸ್ತಕ ಇನ್ನೊಂದು ಮಾತು ಸೇರಿಸುತ್ತದೆ: ಬೈಟಿನ ಮೇಲಿನ ಬಿಟ್ ಹೊತ್ತಿದ್ದರೆ, ಅಂದರೆ ಬೆಲೆ 128 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಅದನ್ನು ಬರಹವೆಂದೇ ಎಣಿಸು. ಈ ಒಂದು ಮಾತಿನ ಮೇಲೆ ನಿಂತಿದೆ ನಮ್ಮ ಕನ್ನಡ!

‘ಕನ್ನಡ’ ಎಂದು ಟೈಪ್ ಮಾಡಿ ಯುಟಿಎಫ್-8 ಎಂಬ ಸಂಕೇತ ಕ್ರಮದಲ್ಲಿ ಉಳಿಸಿ, ಬೈಟುಗಳನ್ನು ತೆಗೆದು ನೋಡಿ. ಕ ಎಂದರೆ 224, 178, 149. ನ ಎಂದರೆ 224, 178, 168. ಒತ್ತಕ್ಷರಕ್ಕೆ ಬೇಕಾದ ಹಲಂತ 224, 179, 141. ಮತ್ತೆ ನ. ಕೊನೆಗೆ ಡ, 224, 178, 161. ಹದಿನೈದೂ ಬೈಟು 128ರ ಮೇಲೆ! ಒಂದೂ ಕೆಳಗಿಳಿದಿಲ್ಲ. ಇದು ಕಾಕತಾಳೀಯವಲ್ಲ. 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟದ ಮೇಜಿಗೆ ಹಾಸಿದ್ದ ಹಾಳೆಯ ಮೇಲೆ, ಎದುರಿಗೆ ರಾಬ್ ಪೈಕ್ ಕೂತಿರುವಾಗ, ಕೆನ್ ಥಾಂಪ್ಸನ್ ಬರೆದ ವಿನ್ಯಾಸ ಈ ಯುಟಿಎಫ್-8. ಇಂಗ್ಲಿಷಿನಾಚೆಯ ಯಾವ ಲಿಪಿಯ ಬೈಟೂ 128ರ ಕೆಳಗೆ ಬೀಳದಂತೆ ಕಟ್ಟಿದ್ದಾರೆ. ಯುನಿಕ್ಸ್ ಹುಟ್ಟುಹಾಕಿದವರಲ್ಲಿ ಒಬ್ಬನೇ ಆ ಥಾಂಪ್ಸನ್!

ಅದೇ ಪದವನ್ನು ಯುಟಿಎಫ್-16ರಲ್ಲಿ, ಅಂದರೆ ಹಳೆಯ ನೋಟ್‌ಪ್ಯಾಡ್ ಬರೀ ‘ಯೂನಿಕೋಡ್’ ಎಂದು ಕರೆಯುತ್ತಿದ್ದ ರೀತಿಯಲ್ಲಿ ಉಳಿಸಿದರೆ? 149, 12. 168, 12. 205, 12. 168, 12. 161, 12. ಯೂನಿಕೋಡ್ ಕನ್ನಡಕ್ಕೆ ಕೊಟ್ಟಿರುವ ಜಾಗ ಎಂಥದೆಂದರೆ ಪ್ರತಿ ಅಕ್ಷರದ ಬೆನ್ನಿಗೂ 12 ಬಂದು ಕೂರುತ್ತದೆ. 12 ಎಂದರೆ ನಿಯಂತ್ರಣ ಸಂಕೇತ, ‘ಹಾಳೆ ಹೊರತಳ್ಳು’! ನಿಯಮಪುಸ್ತಕದ ಮಾತನ್ನು ಅಕ್ಷರಶಃ ಹಿಡಿದರೆ ಇದು ಬರಹವಾಗಿ ಪಾಸಾಗುವಂತಿಲ್ಲ. ಕಾಪಾಡುವುದು ಫೈಲಿನ ನೆತ್ತಿಯ ಮೇಲೆ ನೋಟ್‌ಪ್ಯಾಡ್ ಇಟ್ಟ ಎರಡೇ ಬೈಟು, 255 ಮತ್ತು 254. ಅವನ್ನು ಕಂಡೊಡನೆ ‘ಫೈಲ್’ ಆಜ್ಞೆ ‘ಇದು ಯುಟಿಎಫ್-16 ಬರಹ’ ಎಂದು ಗುರುತಿಸುತ್ತದೆ.

ಇನ್ನೊಂದು ಕನ್ನಡವಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹಗಳಂಥ ತಂತ್ರಾಂಶದ ಆಸ್ಕಿ ಫಾಂಟುಗಳಲ್ಲಿ ಕೂಡಿಸಿಟ್ಟ ಕನ್ನಡ. ನಾಡಿನ ಸರ್ಕಾರಿ ಕಚೇರಿ, ಪತ್ರಿಕೆ, ಡಿಟಿಪಿ ಅಂಗಡಿಗಳಲ್ಲಿ ಹೀಗೆ ಉಳಿದಿರುವ ಪುಟಗಳಿಗೆ ಲೆಕ್ಕವಿಲ್ಲ. ಅದರಲ್ಲಿ ‘ಕನ್ನಡ’ ಎಂಬ ಪದ 80, 192, 163, 192, 223, 113, 192. ಏಳೇ ಬೈಟು! ಫಾಂಟು ಹಾಕಿದರೆ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ; ಯಂತ್ರಕ್ಕೆ ಮಾತ್ರ ಇಂಗ್ಲಿಷಿನ ಪಿ, ಬ್ರಿಟಿಷ್ ಪೌಂಡಿನ ಚಿಹ್ನೆ, ತಲೆಯ ಮೇಲೆ ಗೆರೆ ಹೊತ್ತ ಫ್ರೆಂಚ್ ಎ. ಬಾಲ ಸರಿಯಿದೆ, ಡಾಕ್ಯುಮೆಂಟ್ ಗುಂಪಿನಲ್ಲಿ ಜಾಗವೂ ಇದೆ, ಫಿಲ್ಟರು ಪದಗಳನ್ನು ಸೋಸಿಯೂ ಕೊಟ್ಟಿದೆ. ಆದರೆ ಸರ್ಚ್ ಬಾಕ್ಸಿನಲ್ಲಿ ನೀವು ಯೂನಿಕೋಡಿನಲ್ಲಿ ‘ಕನ್ನಡ’ ಎಂದು ಕೇಳಿದರೆ ಸಿಗುವುದಿಲ್ಲ. ಒಂದು ತಲೆಮಾರು ಕೂತು ಟೈಪ್ ಮಾಡಿದ ಬರಹ ಹೀಗೆ ಡಾಕ್ಯುಮೆಂಟಾಗಿಯೂ ಮೂಕವಾಗಿರುವುದು ನನ್ನನ್ನು ಕಾಡುತ್ತದೆ.

ಇದಕ್ಕೆ ದಾರಿ ಇದೆ, ಅದೂ ಸುಲಭದ್ದು. ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಫೈಲನ್ನು ಬದಲಿಸಿ ‘ಸೇವ್’ ಒತ್ತಿ. ಫೈಲು ಬದಲಾದ ಸುದ್ದಿಯನ್ನು ವಿಂಡೋಸ್ ತಾನೇ ಇಂಡೆಕ್ಸಿಗೆ ಮುಟ್ಟಿಸುತ್ತದೆ, ಇಂಡೆಕ್ಸ್ ಫಿಲ್ಟರನ್ನು ಕರೆಯುತ್ತದೆ, ಫಿಲ್ಟರು ಫೈಲನ್ನು ಮೊದಲಿನಿಂದ ಓದುತ್ತದೆ. ಈ ಸಲ ‘ಕನ್ನಡ’ ಎಂದು ಹುಡುಕಿದರೆ ಆ ಹಳೆಯ ಪುಟ ಪಟ್ಟಿಯಲ್ಲಿ ಬರುತ್ತದೆ.